ಉಳಿಯಬಾರದಾಗಿದ್ದ ಗಾಡಿಗಳು

ಹಳೆಯ ಕಾರೊಂದು ಉಳಿದುಕೊಂಡಿದೆ ಎಂದರೆ ನನಗೆ ಅಂಥ ಆಶ್ಚರ್ಯವೇನೂ ಆಗುವುದಿಲ್ಲ. ಕಾರು ಕೊಂಡವನು ಉಳ್ಳವನು. ಅದಕ್ಕೊಂದು ಷೆಡ್ಡು, ತೊಳೆಯಲೊಬ್ಬ ಆಳು, ಆಯುಧಪೂಜೆಗೆ ಚೆಂಡುಹೂವಿನ ಮಾಲೆ ಎಲ್ಲ ಇರುತ್ತವೆ. ಯಜಮಾನ ತೀರಿಕೊಂಡ ಮೇಲೂ ‘ಅಪ್ಪನ ಕಾರು’ ಅಂತ ಮಕ್ಕಳು ಹೊದಿಕೆ ಹಾಕಿ ಇಟ್ಟಿರುತ್ತಾರೆ. ಪಿಕಪ್ಪಿನ ಹಣೆಬರಹ ಬೇರೆ. ಅದು ಹುಟ್ಟುವುದೇ ಸವೆಯುವುದಕ್ಕೆ. ಸಿಮೆಂಟು, ಇಟ್ಟಿಗೆ, ಮೀನಿನ ಬುಟ್ಟಿ, ಗಣೇಶನ ವಿಗ್ರಹ, ಮನೆ ಖಾಲಿ ಮಾಡುವವರ ಮಂಚ-ಬೀರು ಎಲ್ಲವನ್ನೂ ಹೊತ್ತು, ಇನ್ನು ಹೊರಲಾರೆ ಅನ್ನುವ ದಿನ ಗುಜರಿಗೆ ಹೋಗುವುದೇ ಅದರ ದಾರಿ. ‘ಅಪ್ಪನ ಟೆಂಪೊ’ ಅಂತ ಯಾರೂ ಹೊದಿಕೆ ಹಾಕಿ ಇಟ್ಟದ್ದನ್ನು ನಾನು ಕಂಡಿಲ್ಲ. ಹಾಗಾಗಿ ಯಾವುದಾದರೂ ಸಂಗ್ರಹದಲ್ಲಿ ರೋಲ್ಸ್‌ರಾಯ್ಸ್, ಬ್ಯೂಕ್‌ಗಳ ಸಾಲಿನ ಕೊನೆಗೆ 1930ರ ದಶಕದ ಪಿಕಪ್ಪೊಂದು ನಿಂತಿದೆ ಅಂದರೆ ನನಗೆ ಉಳಿದ ಕಾರುಗಳೆಲ್ಲ ಮರೆತುಹೋಗುತ್ತವೆ. ಇದು ಹೇಗೆ ತಪ್ಪಿಸಿಕೊಂಡಿತು?

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಇರುವವನಿಗೆ ಈ ಪ್ರಶ್ನೆ ಬಂದರೆ ವಿಶೇಷವಲ್ಲ. ನಮ್ಮ ಪಶ್ಚಿಮಕ್ಕೆ ಮಾಟುಂಗಾ. ಮೈಸೂರು ಅಸೋಸಿಯೇಷನ್ನು, ಉಡುಪಿ ಹೋಟೆಲಿನ ಕಾಫಿ, ಮಲ್ಲಿಗೆ ಮಾರುವ ಅಂಗಡಿ, ಹೀಗೆ ಕನ್ನಡದವರಿಗೆ ಬೇಕಾದದ್ದೆಲ್ಲ ಆ ಕಡೆ. ಪೂರ್ವಕ್ಕೆ ಹೊರಳಿದರೆ ವಡಾಲಾ ಟ್ರಕ್ ಟರ್ಮಿನಲ್, ಅದರ ಪಕ್ಕದಲ್ಲೇ ಎಂಎಚ್ 03 ನಂಬರಿನ ಗಾಡಿಗಳ ತವರಾದ ಆರ್‌ಟಿಒ. ದಕ್ಷಿಣ ಮುಂಬಯಿಯ ಇಕ್ಕಟ್ಟು ಗಲ್ಲಿಗಳಿಂದ ಸಾರಿಗೆ ಕಂಪನಿಗಳನ್ನು ಎಬ್ಬಿಸಿ ತರಲೆಂದು ಕಟ್ಟಿದ ಜಾಗ ಈ ಟರ್ಮಿನಲ್. 2019ರಲ್ಲಿ ಮೊನೊರೈಲು ಆಂಟಾಪ್ ಹಿಲ್ ದಾಟಿ ಜೇಕಬ್ ಸರ್ಕಲ್ ತನಕ ಓಡತೊಡಗಿದಾಗ ಈ ಗಾಡಿಗಳನ್ನು ಮೇಲಿನಿಂದ ನೋಡುವ ಸುಖವೂ ಸಿಕ್ಕಿತು. ಮೇಲಿನಿಂದ ನೋಡಿದರೆ ಗಾಡಿಯ ಮುಖ, ಕಂಪನಿ, ಮಾಡೆಲ್ಲು ಯಾವುದೂ ತಿಳಿಯುವುದಿಲ್ಲ, ಕಾಣುವುದು ಹೊರೆ ಮಾತ್ರ. ಟರ್ಪಾಲಿನ ಕೆಳಗೆ ಏನಿರಬಹುದು ಎಂದು ಊಹಿಸುತ್ತ ಕೂರಬಹುದಿತ್ತು.

ಪಾಸಿಂಗಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಬರುವ ಗಾಡಿಗಳನ್ನು ಮಾತ್ರ ನೆಲದ ಮೇಲೆ ನಿಂತೇ ನೋಡಬೇಕು. ಹಿಂದಿನ ರಾತ್ರಿ ಬಂಪರಿಗೆ ಬಳಿದ ಬಣ್ಣ ಇನ್ನೂ ಕೈಗೆ ಅಂಟುತ್ತಿರುತ್ತದೆ. ರಿಫ್ಲೆಕ್ಟರ್ ಪಟ್ಟಿ ಹೊಸದು, ಮಡ್‌ಫ್ಲಾಪು ಹೊಸದು, ನಡುವಿನದೆಲ್ಲ ಹಳತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಈ ಪರೀಕ್ಷೆ. ಇನ್ನೊಂದು ವರ್ಷ ದುಡಿಯಲು ಬಿಡಿ ಎಂದು ಕೇಳಲು ಬಂದ ಮುದುಕರ ಸಾಲು ಅದು.

ನಮ್ಮ ಕಾನೂನು ಈ ಮುದುಕರನ್ನು ಹೇಗೆ ನೋಡುತ್ತದೆ ಎನ್ನುವುದೂ ಸ್ವಾರಸ್ಯದ ಸಂಗತಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. 20,000 ರೂಪಾಯಿ ಕಟ್ಟಿದರೆ ನಂಬರಿನ ನಡುವೆ ‘ವಿಎ’ ಎಂಬ ಎರಡಕ್ಷರದ ಗೌರವ ಸಿಗುತ್ತದೆ. ಆದರೆ ಈ ಗೌರವ ಖಾಸಗಿ ಬಳಕೆಯ ದ್ವಿಚಕ್ರ, ನಾಲ್ಕುಚಕ್ರದ ವಾಹನಗಳಿಗೆ ಮಾತ್ರ. ಬಾಡಿಗೆಗೆ ದುಡಿದದ್ದಕ್ಕೆ ಇಲ್ಲ. ನಿಯಮ ಬರೆದವರನ್ನು ನಾನು ದೂರುವುದಿಲ್ಲ. ಬಾಗಿಲು ತೆರೆದಿಟ್ಟಿದ್ದರೆ ಹೊಗೆ ಕಾರುವ ಹಳೆಯ ಲಾರಿಗಳೆಲ್ಲ ವಿಂಟೇಜ್ ಹೆಸರಿನಲ್ಲಿ ನುಸುಳುತ್ತಿದ್ದವು. ಆದರೂ ಫಲಿತಾಂಶ ನೋಡಿ: ಸಾಹುಕಾರನನ್ನು ಕ್ಲಬ್ಬಿಗೆ ಕರೆದೊಯ್ದ ಗಾಡಿ 50 ತುಂಬಿದ ಮೇಲೆ ಪರಂಪರೆಯಾಗುತ್ತದೆ, ಅದೇ ಕ್ಲಬ್ಬಿಗೆ ಐಸು, ಸೋಡಾ ತಂದುಹಾಕಿದ ಗಾಡಿ ಗುಜರಿಯಾಗುತ್ತದೆ.

ಇನ್ನು ಮೂಲರೂಪ ಎನ್ನುವ ಷರತ್ತಂತೂ ದುಡಿಯುವ ಗಾಡಿಗೆ ಹೊಂದುವುದೇ ಇಲ್ಲ. ನಮ್ಮ ದೇಶದಲ್ಲಿ ಲಾರಿ ಕೊಳ್ಳುವುದೆಂದರೆ ಬಹುಕಾಲ ಚಾಸಿಸ್ ಕೊಳ್ಳುವುದೇ ಆಗಿತ್ತು. ಎಂಜಿನ್ನು, ಬಾನೆಟ್ಟು, ಸ್ಟಿಯರಿಂಗು, ಚಕ್ರಗಳು ಇಷ್ಟೇ. ಬಾಗಿಲಿಲ್ಲ, ಮಾಡಿಲ್ಲ, ಹಿಂದೆ ಬರೀ ಎರಡು ಉಕ್ಕಿನ ತೊಲೆ. ಮುಖಕ್ಕೆ ಟವೆಲ್ಲು ಸುತ್ತಿಕೊಂಡ ಡ್ರೈವರು ಅದನ್ನು ನೂರಾರು ಮೈಲಿ ಓಡಿಸಿಕೊಂಡು ಬಾಡಿ ಕಟ್ಟುವ ಊರಿಗೆ ತರುತ್ತಿದ್ದ. ಮರಗೆಲಸದವರು, ಕಮ್ಮಾರರು ಸೇರಿ ಉಳಿದದ್ದನ್ನು ಕಟ್ಟುತ್ತಿದ್ದರು. ಹೊರುವ ಸರಕೇನು, ಓಡುವ ದಾರಿ ಎಂಥದು, ಮಾಲೀಕನ ಮನೆದೇವರು ಯಾರು ಎಂಬುದರ ಮೇಲೆ ಗಾಡಿಯ ರೂಪ ತೀರ್ಮಾನವಾಗುತ್ತಿತ್ತು. ಅಪರೂಪದ ಪಿಕಪ್ ಹುಡುಕಿಕೊಂಡು ಅಮೆರಿಕದ ಪುಸ್ತಕ ತಿರುವುವವರು ಮರೆಯುವ ಸಂಗತಿ ಇದು. ನಮ್ಮಲ್ಲಿ ಒಂದರಂತೆ ಇನ್ನೊಂದು ಇರಲೇ ಇಲ್ಲ.

ಆ ಚಾಸಿಸ್ಸುಗಳಲ್ಲಿ ಎಷ್ಟೋ ನಮ್ಮ ಈ ಹಾರ್ಬರ್ ರೈಲು ಲೈನಿನ ಪಕ್ಕದಲ್ಲೇ ಜೋಡಣೆಯಾದವು. ಡಾಕ್‌ಯಾರ್ಡ್ ರೋಡಿನಲ್ಲಿ ಇಳಿದರೆ ಮಜಗಾಂವ್. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ್ದು ಅಲ್ಲಿ. ಮುಂದೆ ಶಿವಡಿ; 1928ರಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ತೆರೆದು ಷೆವರ್ಲೆ ಹೊರತಂದದ್ದು ಅಲ್ಲಿ. ವಡಾಲಾ, ಜಿಟಿಬಿ ನಗರ, ಚುನಾಭಟ್ಟಿ ದಾಟಿದರೆ ಕುರ್ಲಾ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಡಾಡ್ಜ್, ಡಿಸೋಟೊ, ಫಾರ್ಗೊ ಲಾರಿಗಳನ್ನು ಹೊರಬಿಟ್ಟದ್ದು ಅಲ್ಲಿ. ಬಂದರಿನಲ್ಲಿ ಇಳಿದ ಮರದ ಪೆಟ್ಟಿಗೆಗಳನ್ನು ದೂರ ಸಾಗಿಸುವ ತೊಂದರೆ ಯಾಕೆ ಎಂದು ಕಡಲ ಮಗ್ಗುಲಲ್ಲೇ ಬಿಚ್ಚಿ ಜೋಡಿಸಿದರು. ಬರೀ ಜೋಡಣೆ ಸಾಲದು, ಇಲ್ಲೇ ತಯಾರಿಸಬೇಕು ಎಂದು ಸರ್ಕಾರ ಪಟ್ಟು ಹಿಡಿದ ಮೇಲೆ 1954ರಲ್ಲಿ ಶಿವಡಿಯ ಕಾರ್ಖಾನೆ ಮುಚ್ಚಿತು.

ಪ್ರೀಮಿಯರ್‌ನ ಹಿಂದೆ ನಮ್ಮವರೊಬ್ಬರ ಕನಸೂ ಇದೆ. 1930ರ ದಶಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದು ಭಾರತಕ್ಕೊಂದು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು. ವಾಲ್‌ಚಂದ್ ಅದನ್ನು ಹಿಡಿದು ಓಡಾಡಿದರು, ಮೈಸೂರು ಸಂಸ್ಥಾನವೂ ಕೈಜೋಡಿಸಲು ಮುಂದಾಯಿತು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಮಾಹಿಮಿನ ಕರ್ನಾಟಕ ಸಂಘದ ಮಂದಿರಕ್ಕೆ ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿನ ಭಾಷಣಗಳಲ್ಲಿ ಕನ್ನಂಬಾಡಿ ಬಂದಷ್ಟು ಸಲ ಲಾರಿ ಬಂದದ್ದನ್ನು ನಾನು ಕೇಳಿಲ್ಲ.

ಹೊರಗಿನ ಲೋಕದಲ್ಲೂ ಪಿಕಪ್ಪು ಮೊದಲು ಊರಿನ ಬಡಗಿಯ ಕೂಸೇ. ಫೋರ್ಡ್ ಮಾಡೆಲ್ ಟಿ ಕೊಂಡ ರೈತರು ಹಿಂಭಾಗ ಕಿತ್ತು ಹಲಗೆ ಹೊಡೆಸಿಕೊಳ್ಳುತ್ತಿದ್ದರು. ಇದನ್ನು ನೋಡಿ ಫೋರ್ಡ್ ಕಂಪನಿ 1925ರಲ್ಲಿ ತಾನೇ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತು. ಆಸ್ಟ್ರೇಲಿಯಾದ ಕಥೆ ಇನ್ನೂ ಚಂದ. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವಂಥ ಗಾಡಿ ಬೇಕು ಎಂದು ರೈತನ ಹೆಂಡತಿಯೊಬ್ಬಳು ಫೋರ್ಡ್‌ಗೆ ಕಾಗದ ಬರೆದಳಂತೆ. ಲೂ ಬ್ಯಾಂಡ್ಟ್ ಎಂಬ ತರುಣ ವಿನ್ಯಾಸಕ ಮುಂದೆ ಕಾರು, ಹಿಂದೆ ಪೆಟ್ಟಿಗೆ ಇರುವ ಗಾಡಿ ರೂಪಿಸಿದ. 1934ರಲ್ಲಿ ಅದು ರಸ್ತೆಗಿಳಿಯಿತು. ಬ್ರಿಟಿಷ್ ನೌಕಾಪಡೆ ‘ಬುಲ್‌ವರ್ಕ್’ ಹಡಗಿನ ಕಮಾಂಡೊಗಳಿಗೆಂದು ಸಿತ್ರೊಯೆನ್ 2ಸಿವಿ ಪಿಕಪ್ಪುಗಳನ್ನು ತರಿಸಿತ್ತು, ಹೆಲಿಕಾಪ್ಟರಿಗೆ ನೇತುಹಾಕಿ ದಡ ಮುಟ್ಟಿಸುವಷ್ಟು ಹಗುರ ಎಂಬ ಕಾರಣಕ್ಕೆ. ಅದೇ ವರ್ಗದ ಇನ್ನೊಂದು ಹಡಗು ‘ಹರ್ಮೀಸ್’ ಮುಂದೆ ನಮ್ಮ ‘ವಿರಾಟ್’ ಆಯಿತು. 2017ರಲ್ಲಿ ಮುಂಬಯಿಯಲ್ಲೇ ನಿವೃತ್ತಿಯಾಗಿ ಕೊನೆಗೆ ಅಲಂಗ್‌ನ ಗುಜರಿಗೆ ಹೋಯಿತು. ವಿಮಾನ ಹೊತ್ತವರಿಗೂ ಅದೇ ದಾರಿ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪಿಕಪ್ ಕಥೆ ಎಂದರೆ ಒಂದೇ: ಲಂಡನ್ನಿನ ಅಂಗಡಿಯವರು ಅವಮಾನ ಮಾಡಿದರೆಂದು ಆಲ್ವಾರಿನ ಮಹಾರಾಜರು ರೋಲ್ಸ್‌ರಾಯ್ಸ್‌ಗಳನ್ನು ಕೊಂಡು ಊರಿನ ಕಸ ಹೊರಲು ಹಾಕಿದರು ಎಂಬ ದಂತಕಥೆ. ಕಥೆ ಕೇಳಿ ನಗದವರಿಲ್ಲ. ನಗುವಿನ ಒಳಗಿರುವ ಲೆಕ್ಕ ನನಗೆ ಅಷ್ಟು ರುಚಿಸುವುದಿಲ್ಲ. ಗಾಡಿಯೊಂದಕ್ಕೆ ಮಾಡಬಹುದಾದ ಅತಿ ದೊಡ್ಡ ಅವಮಾನವೆಂದರೆ ಅದರ ಕೈಲಿ ಹೊರೆ ಹೊರಿಸುವುದು ಎಂದು ನಾವು ಒಪ್ಪಿಕೊಂಡಿದ್ದರೆ ಮಾತ್ರ ಈ ಕಥೆ ನಗು ತರಿಸುತ್ತದೆ.

ಟರ್ಮಿನಲ್ಲಿನ ಕಡೆಯ ಗ್ಯಾರೇಜೊಂದರ ಗೋಡೆಗೆ ಒರಗಿ ಕೆಲವು ವರ್ಷ ಒಂದು ಮಹೀಂದ್ರ ಎಫ್‌ಸಿ ಪಿಕಪ್ಪು ನಿಂತಿತ್ತು. ಚಕ್ರ ಹೋಗಿ ಇಟ್ಟಿಗೆಯ ಮೇಲೆ ಕೂತಿತ್ತು. ಈ ಜಾತಿಯ ಗಾಡಿಗೆ ಮೂಗೇ ಇಲ್ಲ. ಡ್ರೈವರು ಮುಂದಿನ ಚಕ್ರದ ಮೇಲೆಯೇ ಕೂರಬೇಕು, ಎಂಜಿನ್ನು ಕ್ಯಾಬಿನ್ನಿನ ಒಳಗೆ ಅವನ ಮಗ್ಗುಲಲ್ಲಿ ಕುದಿಯುತ್ತಿರುತ್ತದೆ. ಹಾಗೆ ಮಾಡಿದ್ದರಿಂದ ಜೀಪಿನಷ್ಟೇ ಗಿಡ್ಡ ಚಾಸಿಸ್ಸಿನ ಮೇಲೆ ಆರಡಿಗೂ ಮೀರಿದ ಪೆಟ್ಟಿಗೆ ಕೂತಿತು. ಭಾರವೆಲ್ಲ ಮುಂದಕ್ಕೆ ಬಿದ್ದು ಹಿಂಭಾಗ ಹಗುರಾಯಿತೆಂದು ಇದಕ್ಕೆ ಮೂಲವಾದ ಅಮೆರಿಕದ ಗಾಡಿಯ ಹಿಂಬದಿಗೆ ಕಬ್ಬಿಣದ ತೂಕ ಬಿಗಿದಿದ್ದರು. ಸರಕಿಲ್ಲದಾಗಲೂ ಸರಕು ಹೊತ್ತೇ ಇರಬೇಕಾದ ಗಾಡಿ! ಇದರ ರೂಪ ಬಿಡಿಸಿದವನು ಮಿಲ್ವಾಕಿಯ ಬ್ರೂಕ್ಸ್ ಸ್ಟೀವನ್ಸ್. ಕೊಂಡ ವಸ್ತು ಕೆಡುವ ಮೊದಲೇ ಗಿರಾಕಿಗೆ ಹೊಸದರ ಆಸೆ ಹುಟ್ಟಿಸಬೇಕು, ಹಳತು ಹಳತೆನಿಸುವುದನ್ನು ಮೊದಲೇ ಯೋಜಿಸಬೇಕು ಎಂದು 1954ರಿಂದ ಸಾರುತ್ತ ಬಂದ ಮನುಷ್ಯ. 1956ರ ಕೊನೆಯಲ್ಲಿ ಬಂದ ಅವನ ಈ ಗಾಡಿಯನ್ನು ಅಮೆರಿಕದವರು 1965ರ ಹೊತ್ತಿಗೆ ಅವನ ಮಾತಿನಂತೆಯೇ ಕೈಬಿಟ್ಟರು. ಅದೇ ಹೊತ್ತಿಗೆ ಮಹೀಂದ್ರದವರು ಎತ್ತಿಕೊಂಡರು, ಆಮೇಲೆ ಡೀಸೆಲ್ ಎಂಜಿನ್ನು ಕೂರಿಸಿದರು, 1990ರ ದಶಕದ ಕೊನೆಯ ತನಕ ಮಾಡುತ್ತಲೇ ಹೋದರು. ಹೊಸದರ ಆಸೆ ಹುಟ್ಟಿಸಬೇಕೆಂದವನ ಗಾಡಿ ಅಮೆರಿಕದಲ್ಲಿ ಹತ್ತು ವರ್ಷವೂ ಬಾಳಲಿಲ್ಲ, ನಮ್ಮಲ್ಲಿ ಮೂರು ದಶಕಕ್ಕೂ ಮೀರಿ ಬಾಳಿತು. ಸ್ಟೀವನ್ಸ್ ನಮ್ಮವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಗ್ಯಾರೇಜಿನವರು ಕುಂದಾಪುರದ ಕಡೆಯವರು. ಪೆಟ್ಟಿಗೆಯಲ್ಲಿ ಹಳೆಯ ಟಯರು, ರೇಡಿಯೇಟರು ತುಂಬಿಟ್ಟಿದ್ದರು. ಹಿಂದಿನ ಡೋರಿನ ಮೇಲಂಚು ಒಂದು ಕಡೆ ಒಳಬಾಗಿ ಬೆರಳಿಗೆ ನುಣುಪಾಗಿತ್ತು. ಹೊಳಪು ಕೊಟ್ಟು ಆದ ನುಣುಪಲ್ಲ. ವರ್ಷಾನುಗಟ್ಟಲೆ ಮೂಟೆಗಳನ್ನು ಅದೇ ಜಾಗದ ಮೇಲೆ ಎಳೆದು ಬೆನ್ನಿಗೇರಿಸಿಕೊಂಡಿದ್ದರು. ಎಡಕ್ಕೆ ಮಾತ್ರ ಬಾಗಿತ್ತು. ಹಮಾಲಿ ಯಾವ ಭುಜಕ್ಕೆ ಮೂಟೆ ಏರಿಸುತ್ತಿದ್ದ ಎಂಬುದು ಆ ತಗಡಿನಲ್ಲಿ ಉಳಿದುಕೊಂಡಿತ್ತು.

“ಚಂದಕ್ಕೆ ಇಟ್ಟುಕೊಂಡದ್ದಾ?” ಎಂದು ಕೇಳಿದೆ.

“ಎಂತ ಚಂದ ಮಾರಾಯ್ರೆ,” ಅಂದರು. “ಗುಜರಿಯವ ಕೇಳಿದ ರೇಟು ಕೂಲಿಗೂ ಸಾಲುದಿಲ್ಲ ಅಂತ ಬಿಟ್ಟದ್ದು. ಮತ್ತೆ ಸಾಮಾನಿಡ್ಲಿಕ್ಕೆ ಉಪಯೋಗ ಆಯ್ತು. ಹಂಗೇ ಉಂಟು.”

ಪಿಕಪ್ಪುಗಳು ಉಳಿಯುವ ಗುಟ್ಟು ಇಷ್ಟೇ ಇರಬಹುದು. ಪ್ರೀತಿ, ಕಾಳಜಿ ಯಾವುದೂ ಕಾರಣವಲ್ಲ. ರೇಟು ಕುದುರಲಿಲ್ಲ, ತೋಟದ ಮೂಲೆಯಲ್ಲಿ ಕೋಳಿ ಮೊಟ್ಟೆಯಿಡಲು ಜಾಗವಾಯಿತು, ಪಾಲಿನ ವ್ಯಾಜ್ಯದಲ್ಲಿ ಯಾರೂ ಮುಟ್ಟಲಿಲ್ಲ, ಇಂಥ ಒಂದು ಉದಾಸೀನ ಅದನ್ನು ಕಾಪಾಡುತ್ತದೆ. ಆಮೇಲೆ ಯಾವನೋ ಹುಚ್ಚು ಹಿಡಿದ ಸಂಗ್ರಹಕಾರ ಬೇಲಿಯಾಚೆಯಿಂದ ಅದನ್ನು ನೋಡುತ್ತಾನೆ. ನನಗೆ ಬೆರಗಾಗುವುದು ಅಲ್ಲಿಯೇ: ಯಾರೂ ಉಳಿಸಲಿಲ್ಲ, ಆದರೂ ಉಳಿಯಿತು.

ಸಂಗ್ರಹಕ್ಕೆ ಸೇರಿದ ಮೇಲೆ ಅದಕ್ಕೆ ಬೇರೆಯೇ ಸಂಕಟ. ಅಮೆರಿಕದ ಹಳೆಯ ಪಿಕಪ್ಪುಗಳ ತಳಕ್ಕೆ ಮರದ ಹಲಗೆ, ನಡುನಡುವೆ ಸರಕು ಜಾರಲೆಂದು ಉಕ್ಕಿನ ಪಟ್ಟಿ ಇರುತ್ತಿದ್ದವು. ರಿಪೇರಿ ಮಾಡಿಸಿ ಪ್ರದರ್ಶನಕ್ಕೆ ನಿಲ್ಲಿಸುವವರು ಆ ಹಲಗೆಗೆ ವಾರ್ನಿಷ್ ಬಳಿದು ದಿವಾನಖಾನೆಯ ಮೇಜನ್ನು ಮೀರಿಸುತ್ತಾರೆ. ಮೂಟೆಯಿರಲಿ, ಕೈಯಿಡಲೂ ಬಿಡುವುದಿಲ್ಲ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರ ಕಾರುಗಳ ಸಂಗ್ರಹ ನೋಡಿದವರಿಗೆ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ ಸಂಗ್ರಹಾಲಯಕ್ಕೆ ಹೋದವರಿಗೆ ಹಳೆಯ ಕಾರಿಗೆ ಹೊಳಪು ಎಷ್ಟು ಒಪ್ಪುತ್ತದೆ ಎಂದು ಗೊತ್ತು. ಕಾರು ಹುಟ್ಟಿದಾಗಲೂ ಹೊಳೆಯುತ್ತಿತ್ತು. ಪಿಕಪ್ಪಿಗೆ ಆ ಹೊಳಪು ಸುಳ್ಳು. ನನ್ನ ಕೈಲಿ ಸಂಗ್ರಹಾಲಯ ಕೊಟ್ಟರೆ ಡೋರಿನ ಆ ಬಾಗಿದ ಅಂಚನ್ನು ತಟ್ಟಿ ನೇರ ಮಾಡಲು ಬಿಡುವುದಿಲ್ಲ. ಎಂಜಿನ್ನಿಗೆ ಎಣ್ಣೆ ಹಾಕಿ, ಬ್ರೇಕು ಸರಿಮಾಡಿ, ಬಣ್ಣದವನನ್ನು ಗೇಟಿನಲ್ಲೇ ತಡೆಯುತ್ತೇನೆ. ಸಂಗ್ರಹಕಾರರು ಇದನ್ನು ಸೋಮಾರಿತನ ಎನ್ನಬಹುದು; ಅವರ ದುಡ್ಡು, ಅವರ ಮಾತು.

ಎಫ್‌ಸಿ ಈಗ ಅಲ್ಲಿಲ್ಲ. ಗುಜರಿಯ ರೇಟು ಏರಿತಂತೆ. ಆ ಜಾಗದಲ್ಲಿ ಟಾಟಾ ಏಸ್‌ಗಳು ಒತ್ತೊತ್ತಾಗಿ ನಿಲ್ಲುತ್ತವೆ. 2005ರಲ್ಲಿ ಬಂದ ಈ ‘ಛೋಟಾ ಹಾಥಿ’ ಇಲ್ಲದ ಗಲ್ಲಿ ಮುಂಬಯಿಯಲ್ಲೂ ಇಲ್ಲ, ಮಂಡ್ಯದಲ್ಲೂ ಇಲ್ಲ. ಮೊದಲ ಸಾಲಿನವುಗಳಿಗೆ 2055ಕ್ಕೆ 50 ತುಂಬುತ್ತದೆ. ಅಷ್ಟು ಹೊತ್ತಿಗೆ ಒಂದಾದರೂ ಉಳಿದಿರಬೇಕೆಂದರೆ ಯಾವನಾದರೂ ಒಬ್ಬ ಮಾಲೀಕ ಈಗಿನಿಂದಲೇ ಒಂದನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸಿ, ಮೇಲೆ ತೆಂಗಿನ ಗರಿ ಒಟ್ಟಿ, ಸಂಪೂರ್ಣವಾಗಿ ಮರೆತುಬಿಡಬೇಕು.