ಮಡಿನೀರು ಮತ್ತು ತಾಮ್ರ

ಕೃಷ್ಣಗಿರಿ ಜಿಲ್ಲೆಯ ಕೆಲಮಂಗಲದಂತಹ ಗಡಿನಾಡಿನ ಕನ್ನಡ ಮನೆಗಳಲ್ಲಿ ದೇವರ ಮುಂದಿನ ತಾಮ್ರದ ಚೊಂಬಿನ ನೀರು ಮಡಿನೀರು, ಅಂದರೆ ಆಚಾರದಿಂದ ಶುದ್ಧವೆನಿಸಿದ ನೀರು. ಆದರೆ ಆ ಶುದ್ಧಿಯೇ ಕುಡಿಯುವವರ ಕ್ಷೇಮವೂ ಹೌದೇ ಎಂಬ ಪ್ರಶ್ನೆಯಿಂದ ಧರ್ಮವಿಚಾರ ತಪ್ಪಿಸಿಕೊಳ್ಳಲಾರದು. ತಾಮ್ರದ ಮಹಿಮೆ ಬರಿಯ ನಂಬಿಕೆಯಲ್ಲ: ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟರೆ ಭೇದಿ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆಂದು 2012ರಲ್ಲಿ ಪ್ರಕಟವಾದ, ಬೆಂಗಳೂರಿನ ಸಂಶೋಧಕರೂ ಸೇರಿದ್ದ ಅಧ್ಯಯನ ತೋರಿಸಿತು. ಹಾಗೆ ಕೊಲ್ಲುವುದು ನೀರಿಗಿಳಿಯುವ ತಾಮ್ರದ ಅಯಾನುಗಳು, ಎಂದರೆ ವಿದ್ಯುದಂಶವುಳ್ಳ ಕಣಗಳು. ಆಮ್ಲೀಯ ನೀರು ತಾಮ್ರದ ಕೊಳವೆಯಲ್ಲಿ ರಾತ್ರಿಯಿಡೀ ನಿಂತು ಅವು ಮಿತಿಮೀರಿದರೆ ವಾಕರಿಕೆ, ಹೊಟ್ಟೆನೋವು ತರುವುದರಿಂದ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 2 ಮಿಲಿಗ್ರಾಂ ಎಂಬ ಮಿತಿಯನ್ನಿಟ್ಟಿದೆ. ಹುಣಸೆಹಣ್ಣು ತಿಕ್ಕಿದಾಗ ಚೊಂಬಿನ ಹಸಿರು ಕಿಲುಬು ಕರಗಿ ಕೆಂಪು ಲೋಹ ಹೊಳೆಯುವುದಕ್ಕೂ, ಅದರಲ್ಲಿ ಮಜ್ಜಿಗೆ ಇಡಬಾರದೆಂಬ ಹಿರಿಯರ ಕಟ್ಟಳೆಗೂ ಕಾರಣ ಒಂದೇ, ಹುಳಿಗೆ ತಾಮ್ರ ಕರಗುತ್ತದೆ. ಇಲ್ಲಿ ಆಚಾರವು ಅನುಭವದಿಂದಲೇ ಹುಟ್ಟಿದೆಯೆನ್ನಲು ಅಡ್ಡಿಯಿಲ್ಲ, ಆದುದರಿಂದ ಹೊಸ ಅನುಭವಕ್ಕೆ ಅದು ಕಿವಿಗೊಡಲೇಬೇಕು. ಈ ಸೀಮೆಯ ಅಂತರ್ಜಲದಲ್ಲಿ ಹಲವೆಡೆ ಇರುವ, ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡನ್ನು ತಾಮ್ರದ ಚೊಂಬು ತೆಗೆಯಲಾರದು, ಮಂತ್ರವೂ ತೆಗೆಯಲಾರದು. ಹೊಗೇನಕಲ್‌ನಿಂದ ಕಾವೇರಿ ನೀರನ್ನು ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಿಗೆ ಕೊಳವೆಯಲ್ಲಿ ತಂದ ಯೋಜನೆ ಹುಟ್ಟಿದ್ದು ಅದಕ್ಕಾಗಿಯೇ.