ರೋಹಿಣಿಯ ನೀರು, ಕೃಷ್ಣೆಯ ನೀರು



ಇಂದಿನ ಧಮ್ಮ ಚಿಂತನೆ



ಜುಲೈ ಬಂತೆಂದರೆ ನಮ್ಮ ಹೊಳೆಸಾಲಿನ ಎಲ್ಲರ ಫೋನಿಗೂ ಒಂದು ಲೆಕ್ಕ ಬರುತ್ತದೆ. ಕೊಯ್ನಾ ಎಷ್ಟು ತುಂಬಿದೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ, ದೂಧಗಂಗಾ ಎಷ್ಟು ಸೇರಿತು, ಕಲ್ಲೋಳದ ಹತ್ತಿರ ಒಟ್ಟು ಎಷ್ಟಾಯಿತು. ಯಡೂರು, ಇಂಗಳಿ, ಜುಗೂಳ, ಮಂಗಾವತಿ, ಕುಡಚಿ ಕಡೆಯವರು ಆ ಅಂಕಿ ನೋಡಿಯೇ ದನ ಬಿಚ್ಚಬೇಕೋ, ಕಾಳಿನ ಚೀಲ ಮೇಲೆ ಏರಿಸಬೇಕೋ ಎಂದು ತೀರ್ಮಾನಿಸುತ್ತಾರೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಲೆಕ್ಕವನ್ನು ತಿಳಿದು ಓದುವುದೂ ಧಮ್ಮದ ಅಭ್ಯಾಸವೇ.

2019ನೇ ಇಸವಿಯನ್ನು ನೆನಪು ಮಾಡಿಕೊಳ್ಳಿ. ಮೇ ತಿಂಗಳಲ್ಲಿ ಕೃಷ್ಣೆ ಬತ್ತಿ ಉಸುಕು ಕಂಡಿತ್ತು. ಕೊಯ್ನಾದಿಂದ ಕುಡಿಯುವ ನೀರು ಬಿಡಿ ಎಂದು ನಮ್ಮ ಸರ್ಕಾರ ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಬದಲಿಗೆ ಜತ್ತ ತಾಲ್ಲೂಕಿಗೆ ನೀರು ಕೊಡಿ ಎಂದು ಅವರು ಕೇಳಿದರು. ಮೂರೇ ತಿಂಗಳು. ಆಗಸ್ಟಿನಲ್ಲಿ ಅದೇ ಹೊಳೆ ಊರೊಳಗೆ ಬಂತು. ಕೊಡ ಹಿಡಿದು ಟ್ಯಾಂಕರಿಗೆ ಕಾದಿದ್ದ ಜನರೇ ದೋಣಿಗೆ ಕಾದರು.

ಬೇಸಿಗೆಯಲ್ಲಿ ಮಳೆಗಾಗಿ ಗುರ್ಜಿ ಪೂಜೆ ಆಗಿತ್ತು, ಕತ್ತೆಗಳ ಮದುವೆ ಆಗಿತ್ತು. ಹೊಳೆ ಬಂದಾಗ ಗಂಗವ್ವನಿಗೆ ಉಡಿ ತುಂಬಿದ್ದೂ ಆಯಿತು. ಒಬ್ಬ ತರುಣ ಉಪಾಸಕ ನನ್ನನ್ನು ಕೇಳಿದ್ದ: "ಸರ್, ಪಟ್ಟಿ ಕೇಳಾಕ ಬರ್ತಾರ. ಕೊಟ್ರ ನಮ್ಮ ಪ್ರತಿಜ್ಞಾ ಮುರಿತೈತಿ, ಕೊಡಲಿಲ್ಲಂದ್ರ ಊರಾಗ ಮಾತು ಬರತೈತಿ. ಏನ ಮಾಡೂದ್ರಿ?" ನಾನು ಅಂದೆ: "ಪೂಜಾಕ್ಕ ಕೊಡಬ್ಯಾಡಪ್ಪ. ಆದ್ರ ಸಿಟ್ಟಿಲೆ ಬಾಗಲಾ ಹಾಕಬ್ಯಾಡ. ಕೆರಿ ಹೂಳ ತೆಗಿಯೂದಿದ್ರ ರೊಕ್ಕಾನೂ ಕೊಡ್ತೇವಿ, ಬುಟ್ಟಿ ಹಿಡದು ನಾವೂ ಬರ್ತೇವಿ ಅನ್ನು." 22 ಪ್ರತಿಜ್ಞೆಗಳನ್ನು ಸ್ವೀಕರಿಸಿದ ನಾವು ದೇವರನ್ನು ಬಿಟ್ಟೆವು ಎಂದಷ್ಟೇ ಹೇಳಿದರೆ ಅರ್ಧ ಮಾತಾಯಿತು. ದೇವರ ಜಾಗದಲ್ಲಿ ಏನನ್ನು ಇಟ್ಟುಕೊಂಡೆವು? ಕಾರಣವನ್ನು ಇಟ್ಟುಕೊಂಡೆವು. ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ, ಕಾರಣ ಹೋದರೆ ಅದರಿಂದ ಹುಟ್ಟಿದ್ದೂ ಹೋಗುತ್ತದೆ ಎಂಬುದೇ ಪ್ರತೀತ್ಯ ಸಮುತ್ಪಾದದ ತಿರುಳು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಪಾಪ ಎಂಬ ವಿವರಣೆಯನ್ನು ತಳ್ಳಿಹಾಕಿದ್ದು ಇದೇ ಆಧಾರದ ಮೇಲೆ.

ಹಾಗಾದರೆ ನಮ್ಮ ನೀರಿನ ಕಾರಣಗಳನ್ನು ನೋಡೋಣ.

ನಾವಿರುವುದು ಎರಡು ದೊಡ್ಡ ಕೃತಕ ಸರೋವರಗಳ ನಡುವೆ. ಮೇಲೆ ಕೊಯ್ನಾ, 105 ಟಿಎಂಸಿ. ಕೆಳಗೆ ಆಲಮಟ್ಟಿ, 519.6 ಮೀಟರ್ ಎತ್ತರಕ್ಕೆ ನಿಂತಾಗ 123 ಟಿಎಂಸಿ. ಮಹಾಬಳೇಶ್ವರದ ಗುಡ್ಡದಲ್ಲಿ ಬಿದ್ದ ಮಳೆ ಕೃಷ್ಣೆಯಾಗಿ, ಕೊಯ್ನೆಯಾಗಿ ಇಳಿದು ಕರಾಡದಲ್ಲಿ ಕೂಡುತ್ತದೆ. ಸಾಂಗಲಿಯ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ಗಡಿ ದಾಟಿದ ಮೇಲೆ ಕಲ್ಲೋಳದಲ್ಲಿ ದೂಧಗಂಗಾ. ಇಷ್ಟೆಲ್ಲ ನೀರು ನಮ್ಮ ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿಯ ದಂಡೆ ಹಿಡಿದೇ ಹೋಗಬೇಕು.

ಈಗ ಮಳೆಯ ನಡೆ ಬದಲಾಗಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೊಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಅಂದರೆ ತಿಂಗಳಿಡೀ ಬೀಳಬೇಕಾದ ಮಳೆ ಎರಡು ಮೂರು ದಿನಗಳಲ್ಲಿ ಸುರಿದುಹೋಗುತ್ತದೆ, ಉಳಿದ ದಿನ ಮೋಡ ನೋಡುತ್ತ ಕೂರಬೇಕು. 2021ರ ಜುಲೈಯಲ್ಲಿ ಮಹಾಬಳೇಶ್ವರದಲ್ಲಿ ಒಂದೇ ದಿನಕ್ಕೆ ಸುಮಾರು 59 ಸೆಂಟಿಮೀಟರ್ ಮಳೆ ಸುರಿಯಿತು. ನಮ್ಮ ಅಥಣಿಯ ಮಡ್ಡಿಭಾಗಕ್ಕೆ ಅದು ಇಡೀ ವರ್ಷದ ಮಳೆಗೆ ಸಮ.

ಇದು ನಮ್ಮೊಬ್ಬರ ಸಂಕಟವೂ ಅಲ್ಲ. ಜಗತ್ತಿನ ಸುಮಾರು 2,000 ದೊಡ್ಡ ಸರೋವರ ಮತ್ತು ಜಲಾಶಯಗಳನ್ನು ಉಪಗ್ರಹಗಳಿಂದ ಅಳೆದ ಅಧ್ಯಯನವೊಂದು 2023ರಲ್ಲಿ ಬಂತು. 1992ರಿಂದ 2020ರವರೆಗೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಕಳೆದುಕೊಂಡಿವೆ. ಸ್ವಾಭಾವಿಕ ಸರೋವರಗಳಲ್ಲಿ ಮುಖ್ಯ ಕಾರಣ ಬಿಸಿ ಮತ್ತು ಮನುಷ್ಯರ ಬಳಕೆ. ಕಟ್ಟಿದ ಜಲಾಶಯಗಳಲ್ಲಿ ಮುಖ್ಯ ಕಾರಣ ಹೂಳು. ಬೌದ್ಧ ದೇಶವಾದ ಕಾಂಬೋಡಿಯಾದಲ್ಲಿ ತೊನ್ಲೆ ಸಾಪ್ ಎಂಬ ಸಿಹಿನೀರಿನ ಸರೋವರವಿದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಬ್ಬಿ ನೀರು ಹಿಂದಕ್ಕೆ ಹರಿದು ಆ ಸರೋವರ ಐದಾರು ಪಟ್ಟು ಹಿಗ್ಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಮೀನುಗಾರರ ಬದುಕು ನಿಂತಿರುವುದೇ ಆ ಏರಿಳಿತದ ಮೇಲೆ. ನಮ್ಮಲ್ಲಿ ಹೊಳೆ ಬತ್ತಿದ ಆ 2019ರಲ್ಲೇ ಅಲ್ಲಿಯೂ ನೀರು ತಡವಾಗಿ ಬಂತು, ಕಡಿಮೆ ಬಂತು. ಮಳೆ ಕೈಕೊಟ್ಟಿತ್ತು, ಮೇಲಿನ ಅಣೆಕಟ್ಟುಗಳೂ ನೀರು ಹಿಡಿದಿದ್ದವು. ಅಲ್ಲಿಯ ಬಡವರ ದುಃಖ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾರಣಗಳ ಸಾಲಿನಲ್ಲಿ ಮನುಷ್ಯನ ಮನಸ್ಸೂ ಒಂದು. ದುಃಖದ ಮೂಲ ತೃಷ್ಣೆ ಎಂದು ಭಗವಾನರು ಹೇಳಿದರು. ತೃಷ್ಣೆ ಎಂಬ ಪದದ ಮೂಲ ಅರ್ಥವೇ ಬಾಯಾರಿಕೆ. ನೀರು ಕುಡಿದರೆ ಹೋಗುವ ಬಾಯಾರಿಕೆ ಒಂದು, ಎಷ್ಟು ಕುಡಿದರೂ ಹೋಗದ ಬಾಯಾರಿಕೆ ಇನ್ನೊಂದು. ನಮ್ಮ ಭಾಗದಲ್ಲಿ ಹೊಳೆಯ ನೀರೆಲ್ಲ ಕಬ್ಬಿಗೆ ಹೋಗುತ್ತದೆ. ಅತಿಯಾಗಿ ಹಾಯಿಸಿದ ನೀರಿನಿಂದ ಸಾವಿರಾರು ಎಕರೆ ಭೂಮಿ ಸವಳಾಗಿದೆ, ಆದರೂ ಕಬ್ಬೇ ಬೇಕು. ಕೊಯ್ನಾದ ನೀರಿನಲ್ಲಿ ವರ್ಷಕ್ಕೆ 67.5 ಟಿಎಂಸಿಯನ್ನು ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗಿಸಲು ನ್ಯಾಯಮಂಡಳಿಯೇ ಒಪ್ಪಿದೆ. ಆ ನೀರು ಕೊಂಕಣಕ್ಕಿಳಿದು ಸಮುದ್ರ ಸೇರುತ್ತದೆ. ದೀಪವೂ ಬೇಕು, ಸಕ್ಕರೆಯೂ ಬೇಕು. ಎಷ್ಟು ಸಾಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಾರಣ ಹುಡುಕುವಾಗ ಒಂದು ಅಪಾಯವಿದೆ. ಕಾರಣದ ಬದಲು ಶತ್ರುವನ್ನು ಹುಡುಕಲು ಶುರು ಮಾಡುತ್ತೇವೆ. ಆಲಮಟ್ಟಿಯ ಹಿನ್ನೀರಿನಿಂದಲೇ ನಾವು ಮುಳುಗುತ್ತೇವೆ ಎಂದು ಸಾಂಗಲಿ, ಕೊಲ್ಹಾಪುರದವರು ಹೇಳುತ್ತಾರೆ. ಮಹಾರಾಷ್ಟ್ರದವರು ಬೇಕಾದಾಗ ಬಿಡುವುದಿಲ್ಲ, ಬೇಡವಾದಾಗ ಒಮ್ಮೆಲೇ ಬಿಡುತ್ತಾರೆ ಎಂದು ನಾವು ಹೇಳುತ್ತೇವೆ. ಇಲ್ಲಿ ಸಿದ್ಧಾರ್ಥನನ್ನು ನೆನೆಯಬೇಕು.

ಸಿದ್ಧಾರ್ಥ ಮನೆ ಬಿಟ್ಟದ್ದು ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಅವರು ಬರೆದ ಪ್ರಕಾರ ಜಗಳ ರೋಹಿಣಿ ನದಿಯ ನೀರಿನದು. ಶಾಕ್ಯರು, ಕೋಲಿಯರು ಎರಡೂ ದಂಡೆಯ ರೈತರು, ಬೀಗರೂ ಹೌದು. ಹೊಡೆದಾಟವಾಗಿ ರಕ್ತ ಬಿತ್ತು. ಶಾಕ್ಯರ ಸೇನಾಪತಿ ಯುದ್ಧಕ್ಕೆ ಸಂಘದ ಒಪ್ಪಿಗೆ ಕೇಳಿದ. 28ರ ಸಿದ್ಧಾರ್ಥ ಎದ್ದು ನಿಂತು ವಿರೋಧಿಸಿದ. ತಪ್ಪು ಯಾರದೆಂದು ಮೊದಲು ವಿಚಾರಣೆಯಾಗಲಿ, ನಮ್ಮವರೂ ಕೈ ಮಾಡಿದ್ದಾರೆಂದು ಕೇಳಿದ್ದೇನೆ ಎಂದ. ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಆರಿಸಿದ ಐದನೆಯವರೊಬ್ಬರು ಸೇರಿ ತೀರ್ಮಾನಿಸಲಿ ಎಂದು ಸೂಚಿಸಿದ. ಮತ ಹಾಕಿದಾಗ ಸೋತ. ಯುದ್ಧಕ್ಕೆ ಹೋಗಲು ಒಪ್ಪದೆ ಪರಿವ್ರಾಜಕನಾಗಿ ಹೊರಟ. ನಮ್ಮ ಧಮ್ಮದ ಮೊದಲ ಹೆಜ್ಜೆ ಒಂದು ನೀರಿನ ಜಗಳದಿಂದ ಶುರುವಾಗಿದೆ ಎಂಬುದನ್ನು ಕೃಷ್ಣಾ ದಂಡೆಯ ನಾವು ಮರೆಯಬಾರದು.

ಅಂಥದೇ ದಾರಿ ನಮ್ಮ ಸಂವಿಧಾನದಲ್ಲೂ ಇದೆ. ರಾಜ್ಯಗಳ ನಡುವಿನ ನದಿ ವಿವಾದಗಳ ತೀರ್ಮಾನಕ್ಕೆ 262ನೇ ವಿಧಿ ಇದೆ. 1956ರಲ್ಲಿ ಕಾಯ್ದೆ ಬಂತು, ಕೃಷ್ಣೆಗೆ 1969ರಲ್ಲಿ ಒಂದು, 2004ರಲ್ಲಿ ಇನ್ನೊಂದು ನ್ಯಾಯಮಂಡಳಿ ಆಯಿತು. ತಡವಾಗುತ್ತದೆ, ಬೇಸರವಾಗುತ್ತದೆ. ಆದರೂ ಮಿರಜ, ಇಚಲಕರಂಜಿ, ಜೈಸಿಂಗಪುರದಲ್ಲಿರುವ ನಮ್ಮ ಬೀಗರ ಮನೆಗೂ ಅದೇ ನೀರು ನುಗ್ಗುತ್ತದೆ. ವಿಚಾರಣೆಯ ದಾರಿ ಬಿಟ್ಟು ದ್ವೇಷದ ದಾರಿ ಹಿಡಿದರೆ ಎರಡೂ ದಂಡೆಯ ಬಡವರೇ ಸೋಲುವುದು.

ಮಹಾಬಳೇಶ್ವರದ ಅದೇ ಗುಡ್ಡದಿಂದ ಸಾವಿತ್ರಿ ನದಿಯೂ ಹುಟ್ಟುತ್ತದೆ. ಕೃಷ್ಣೆ ನಮ್ಮ ಕಡೆ ಬಂದರೆ ಸಾವಿತ್ರಿ ಮಹಾಡಕ್ಕೆ ಇಳಿಯುತ್ತದೆ. 1925ರಲ್ಲಿ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದ ಬಾಬಾಸಾಹೇಬರು, 1927ರ ಮಾರ್ಚ್ 20ರಂದು ಆ ಮಹಾಡದ ಚವದಾರ ಕೆರೆಗೆ ಇಳಿದು ನೀರು ಮುಟ್ಟಿದರು. 1924ರಲ್ಲೇ ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿತ್ತು. ಕಾಗದದ ಮೇಲಿನ ಹಕ್ಕು ದಂಡೆಯ ಮೇಲೆ ಇರಲಿಲ್ಲ. ನಾವು ಮುಟ್ಟಿದ ಕೆರೆಯನ್ನು ಪಂಚಗವ್ಯ ಸುರಿದು ಶುದ್ಧ ಮಾಡಿದರು. ಹೈಕೋರ್ಟಿನಲ್ಲಿ ಗೆಲ್ಲಲು 1937ರವರೆಗೆ ಕಾಯಬೇಕಾಯಿತು. ಕೆರೆಯಲ್ಲಿ ನೀರು ಎಷ್ಟಿದೆ ಎಂಬುದು ಒಂದು ಪ್ರಶ್ನೆ. ಆ ನೀರು ಯಾರ ಕೊಡಕ್ಕೆ ತಲುಪುತ್ತದೆ ಎಂಬುದು ಇನ್ನೊಂದು. ಹವಾಮಾನದ ಮಾತಾಡುವವರು ಮೊದಲನೆಯದನ್ನು ಕೇಳುತ್ತಾರೆ. ಎರಡನೆಯದನ್ನು ನಾವೇ ಕೇಳಬೇಕು.

ಪ್ರವಾಹ ಬಂದಾಗ ಶಾಲೆಗಳು ಕಾಳಜಿ ಕೇಂದ್ರಗಳಾಗುತ್ತವೆ, ಶಿಕ್ಷಕರಾದ ನಮಗೆ ಅಲ್ಲಿ ಕೆಲಸ. ಅಂಥ ಒಂದು ಕೇಂದ್ರದಲ್ಲಿ ನಾನು ಕಂಡದ್ದಿಷ್ಟು. ಮೊದಲ ಎರಡು ದಿನ ಎಲ್ಲರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದರು, ಒಂದೇ ಪಂಕ್ತಿಯಲ್ಲಿ ಉಂಡರು. ಮೂರನೆಯ ದಿನ ಹೊಳೆ ಇಳಿಯುತ್ತಿದೆ ಎಂದು ಸುದ್ದಿ ಬಂತು. ಸಂಜೆಯ ಊಟಕ್ಕೆ ನಮ್ಮ ಕೇರಿಯವರು ಬೇರೆ ಕೋಣೆಯಲ್ಲಿ ಕುಳಿತಿದ್ದರು. ಯಾರೂ ಎದ್ದು ಹೋಗಿ ಎಂದಿರಲಿಲ್ಲ, ಯಾರೂ ಬನ್ನಿ ಎಂದೂ ಕರೆದಿರಲಿಲ್ಲ. ಹೆದರಿಕೆಯಿಂದ ಬಂದ ಸಮಾನತೆ ಹೆದರಿಕೆಯ ಜೊತೆಗೇ ಹೋಯಿತು. ಮೈತ್ರಿಯಿಂದ ಬಂದದ್ದು ಮಾತ್ರ ಉಳಿಯುತ್ತದೆ, ಅದನ್ನು ದಿನವೂ ಕಟ್ಟಬೇಕು.

ಪರಿಹಾರದಲ್ಲೂ ಹಾಗೆಯೇ. ಬೆಳೆಹಾನಿ ಹಣ ಹೊಲದ ಉತಾರಿಗೆ ಬರುತ್ತದೆ, ಕಬ್ಬು ಕಡಿಯುವ ಕೈಗೆ ಬರುವುದಿಲ್ಲ. ಮನೆ ಬಿದ್ದರೂ ಕಾಗದವಿಲ್ಲದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ. ತಗ್ಗಿನಲ್ಲಿರುವ ಕೇರಿಗೆ ನೀರು ಮೊದಲು ಬರುತ್ತದೆ, ಅಧಿಕಾರಿ ಕೊನೆಗೆ ಬರುತ್ತಾರೆ. ಇದು ಕರ್ಮವಲ್ಲ, ಮನುಷ್ಯರು ಮಾಡಿದ ಏರ್ಪಾಟು. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಬದಲಿಸಬಹುದು.

ಆದ್ದರಿಂದ ಈ ವಾರ ಮೂರು ಕೆಲಸ ಮಾಡೋಣ.

ಒಂದು, ನಿಮ್ಮ ನೀರನ್ನು ಅರಿಯಿರಿ. ನಿಪ್ಪಾಣಿಯವರಾದರೆ ಜವಾಹರ ಕೆರೆ, ಹೊಳೆಸಾಲಿನವರಾದರೆ ಕೃಷ್ಣೆ, ದೂಧಗಂಗಾ, ವೇದಗಂಗಾ, ಮಡ್ಡಿಯವರಾದರೆ ಊರ ಕೆರೆ, ಕೊಳವೆಬಾವಿ. ಹೋದ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತೆಂದು ವಿಹಾರದ ಗೋಡೆಯ ಮೇಲೆ ಇಸವಿ ಬರೆದು ಗೆರೆ ಎಳೆಯಿರಿ. ಮಕ್ಕಳಿಂದಲೇ ಎಳೆಸಿರಿ.

ಎರಡು, ಮನೆಯ ಉತಾರಿ, ಹಕ್ಕುಪತ್ರ, ತೆರಿಗೆ ಪಾವತಿ, ಆಧಾರ್ ಎಲ್ಲದರ ಫೋಟೊ ತೆಗೆದು ಫೋನಿನಲ್ಲಿಡಿ. ಇಲ್ಲದವರು ಮಳೆಗಾಲಕ್ಕೆ ಮೊದಲೇ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಓದು ಬಲ್ಲವರು ಬಾರದವರಿಗೆ ಬರೆದುಕೊಡಿ. ಇದೂ ದಾನ ಪಾರಮಿತೆಯೇ.

ಮೂರು, ಗ್ರಾಮಸಭೆಗೆ ಹೋಗಿ. ಕೆರೆಯ ಹೂಳು, ಕೇರಿಯ ನಲ್ಲಿ, ಎತ್ತರದ ಜಾಗದಲ್ಲಿ ನಿವೇಶನ, ಇವುಗಳನ್ನು ಠರಾವಿನಲ್ಲಿ ಬರೆಸಿ. ಸಿದ್ಧಾರ್ಥ ಸಂಘದಲ್ಲಿ ಎದ್ದು ನಿಂತು ಮಾತಾಡಿದ. ಅಂದು ಸೋತ, ಆದರೂ ಸುಮ್ಮನೆ ಕೂರಲಿಲ್ಲ.

ಇಂದು ಸಂಜೆ ವಂದನೆಯ ನಂತರ ಐದು ನಿಮಿಷ ಕಣ್ಣು ಮುಚ್ಚಿ ಕುಳಿತು, ಮೇಲಿನ ದಂಡೆಯವರಿಗೂ ಕೆಳಗಿನ ದಂಡೆಯವರಿಗೂ ಮೈತ್ರಿ ಕಳಿಸೋಣ. ಎಲ್ಲರ ಕೊಡ ತುಂಬಲಿ, ಯಾರ ಮನೆಯೂ ಮುಳುಗದಿರಲಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.