ಆಕಾಶದ ಬಂಡಿದಾರಿ

ಹಾಸನ–ಬೇಲೂರು ರಸ್ತೆಯಲ್ಲಿರುವ ನಮ್ಮ ಹಗರೆಯ ಕಡೆ ಎರಡು ಮನೆಗಳಿಗೆ ಹೊಲದ ಬದುವಿನ ವಿಚಾರಕ್ಕೆ ಜಗಳ ಹತ್ತಿತೆಂದರೆ, ಕೋರ್ಟು ಕಚೇರಿಗಿಂತ ಮೊದಲು ಬಂಡಿದಾರಿಗೆ ಮುಳ್ಳು ಬೀಳುತ್ತದೆ. ಹೊಲವೂ ಅವನದೇ, ಮುಳ್ಳೂ ಅವನದೇ. ಆದರೆ ಆಲೂಗಡ್ಡೆ ಮೂಟೆಗಳನ್ನು ಸುತ್ತು ಹಾಕಿ ಸಾಗಿಸಬೇಕಾದವನು ಜಗಳಕ್ಕೆ ಸಂಬಂಧವೇ ಇಲ್ಲದ ಮೂರನೆಯ ಹೊಲದವನು. ‘ನನ್ನ ಜಾಗ, ನನ್ನಿಷ್ಟ’ ಎಂಬ ಮಾತು ಎಲ್ಲಿಯವರೆಗೆ ನ್ಯಾಯ? ದೇಶಗಳು ತಮ್ಮ ಆಕಾಶವನ್ನು ಮುಚ್ಚಿದಾಗಲೂ ನಾವು ಕೇಳಬೇಕಾದ ಪ್ರಶ್ನೆ ಇದೇ.

ಆಕಾಶಕ್ಕೆ ಒಡೆಯರಿದ್ದಾರೆ ಎಂಬ ಕಲ್ಪನೆ ನಮ್ಮಲ್ಲಿ ಹಳೆಯದಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ಭೂಮಿಯ ಜತೆ ‘ಅಷ್ಟಭೋಗ’ಗಳನ್ನೂ ಕೊಡುವ ಮಾತು ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಹಣ, ನೀರು, ಕಲ್ಲು, ಮುಂದೆ ಬರಬಹುದಾದ ಆದಾಯ ಎಲ್ಲವೂ ಪಟ್ಟಿಯಲ್ಲಿವೆ. ಆಕಾಶ ಮಾತ್ರ ಇಲ್ಲ. ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರಿದ್ದಾರೆ, ಆದರೆ ಸೊತ್ತಾಗಿ ಅಲ್ಲ, ಸಾಕ್ಷಿಗಳಾಗಿ. ಆಗ ಆಕಾಶದಲ್ಲಿ ಯಾರಿಗೂ ಕೆಲಸವಿರಲಿಲ್ಲ ಎಂದು ನೀವು ಹೇಳಬಹುದು. ನಿಜ. ಅಂದರೆ ಈ ಹಕ್ಕು ತಾನಾಗಿ ಇದ್ದದ್ದಲ್ಲ, ಅಗತ್ಯ ಬಿದ್ದಾಗ ಹುಟ್ಟಿದ್ದು ಎಂದಾಯಿತು.

ಆ ಅಗತ್ಯ ಯಾವುದು? ಮೊದಲನೆಯ ಮಹಾಯುದ್ಧದಲ್ಲಿ ಊರುಗಳ ಮೇಲೆ ಆಕಾಶದಿಂದ ಬಾಂಬು ಬಿತ್ತು. ಯುದ್ಧ ಮುಗಿದ ಮೇಲೆ 1919ರ ಪ್ಯಾರಿಸ್ ಒಪ್ಪಂದ, ತನ್ನ ನೆಲದ ಮೇಲಿನ ಆಕಾಶ ಆಯಾ ದೇಶದ್ದೇ ಎಂದಿತು. 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯೂ ಅದನ್ನೇ ಹೇಳುತ್ತದೆ. ಕೆಳಗಿರುವವರನ್ನು ಕಾಯುವ ಹೊಣೆಯೇ ಈ ಹಕ್ಕಿನ ಬೇರು ಎಂದು ನಾನು ಓದಿಕೊಳ್ಳುತ್ತೇನೆ. ಅದೇ ಷಿಕಾಗೊ ಸಭೆಯಲ್ಲಿ ಇನ್ನೊಂದು ಒಪ್ಪಂದವೂ ಆಯಿತು: ಸದಸ್ಯ ದೇಶಗಳ ವಿಮಾನಗಳು ಇಳಿಯದೆ ಮೇಲಿಂದ ದಾಟಿ ಹೋಗಬಹುದು. ಇದು ಆಕಾಶದ ಬಂಡಿದಾರಿ. ಭಾರತವೂ ಪಾಕಿಸ್ತಾನವೂ ಇದಕ್ಕೆ ಒಪ್ಪಿದ ದೇಶಗಳೇ.

1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ ‘ಗಂಗಾ’ ವಿಮಾನವನ್ನು ಲಾಹೋರಿಗೆ ಅಪಹರಿಸಿ, ಪ್ರಯಾಣಿಕರು ಇಳಿದ ಮೇಲೆ ಸುಟ್ಟರು. ಫೆಬ್ರವರಿ 4ರಂದು ಭಾರತ ಪಾಕಿಸ್ತಾನದ ವಿಮಾನಗಳಿಗೆ ದಾರಿ ಮುಚ್ಚಿತು. ಕರಾಚಿಯಿಂದ ಢಾಕಾಕ್ಕೆ ಹೋಗುವವರು ಶ್ರೀಲಂಕಾ ಬಳಸಿ ಹೋಗಬೇಕಾಯಿತು. ಆ ವಿಮಾನಗಳು ಆ ವರ್ಷ ಸೈನಿಕರನ್ನೂ ಹೊತ್ತವು. ಮಾರ್ಚಿನಲ್ಲಿ ಪೂರ್ವ ಬಂಗಾಳದ ಜನರ ಮೇಲೆ ಸೇನೆ ಬಿದ್ದದ್ದನ್ನು ನೆನೆದರೆ ಆ ಮುಳ್ಳನ್ನು ತಪ್ಪೆನ್ನುವುದು ಕಷ್ಟ. ಬಂಡಿಯಲ್ಲಿ ಆಲೂಗಡ್ಡೆ ಇದೆಯೋ ಮಚ್ಚು ಇದೆಯೋ ಎಂಬುದು ಮುಖ್ಯ. ಆದರೂ ಪಾಕಿಸ್ತಾನದ ದೂರನ್ನು ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ಮಂಡಳಿ ಕೇಳಬಹುದೆಂದು 1972ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತು. ಸ್ವಂತ ಆಕಾಶದ ವಿಷಯದಲ್ಲೂ ಕಾರಣ ಕೊಡಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ.

2019ರಲ್ಲಿ ಬಾಲಾಕೋಟ್ ದಾಳಿಯ ಮರುದಿನ, ಫೆಬ್ರವರಿ 27ರಂದು, ಪಾಕಿಸ್ತಾನ ಮುಚ್ಚಿದ ಆಕಾಶ ಪೂರ್ತಿ ತೆರೆದದ್ದು ಜುಲೈ 16ಕ್ಕೆ. ಮೊದಲ ಕೆಲವು ದಿನಗಳ ಭಯ ಅರ್ಥವಾಗುತ್ತದೆ. ಜುಲೈವರೆಗಿನ ಭಯ ಯಾವುದು? ಜುಲೈ 2ರವರೆಗೆ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದಾಟುವ ಶುಲ್ಕವಿಲ್ಲದೆ ಪಾಕಿಸ್ತಾನವೂ ಕಳೆದುಕೊಂಡಿತು. ಪಹಲ್ಗಾಮಿನ ಕೊಲೆಗಳ ನಂತರ, 2025ರ ಏಪ್ರಿಲ್ 24ರಂದು ಪಾಕಿಸ್ತಾನ, 30ರಂದು ಭಾರತ, ಪರಸ್ಪರರ ವಿಮಾನಗಳಿಗೆ ಮತ್ತೆ ದಾರಿ ಮುಚ್ಚಿದವು. ಆಮೇಲೆ ಆದೇಶ ತಿಂಗಳು ತಿಂಗಳು ಮುಂದುವರಿಯಿತು.

‘ಗುಂಡು ಹಾರಿಸುವುದಕ್ಕಿಂತ ಇದು ವಾಸಿಯಲ್ಲವೇ?’ ಎಂದು ಜತೆಗೆ ಸಂಶೋಧನೆ ಮಾಡುವ ಗೆಳೆಯ ಕೇಳಿದ. ಹೌದು, ವಾಸಿ. 1983ರಲ್ಲಿ ದಾರಿ ತಪ್ಪಿ ಬಂದ ಕೊರಿಯಾದ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿ 269 ಜನ ಸತ್ತಾಗ, ಒಡೆತನದ ಕೊನೆ ಎಲ್ಲಿಗೆ ಮುಟ್ಟಬಹುದೆಂದು ಜಗತ್ತು ಕಂಡಿತು. ಮರುವರ್ಷವೇ ನಾಗರಿಕ ವಿಮಾನಗಳ ಮೇಲೆ ಶಸ್ತ್ರ ಎತ್ತಬಾರದೆಂಬ ವಿಧಿ ಷಿಕಾಗೊ ಒಪ್ಪಂದಕ್ಕೆ ಸೇರಿತು. ಆದರೆ ಒಂದು ಕೆಲಸ ಕೊಲೆಗಿಂತ ವಾಸಿ ಎಂದ ಮಾತ್ರಕ್ಕೆ ಅದು ನ್ಯಾಯವಾಗುವುದಿಲ್ಲ. ಅಪಾಯ ಇರುವಾಗ ಮುಚ್ಚುವುದು ರಕ್ಷಣೆ, ಅಪಾಯ ಕಳೆದ ಮೇಲೂ ಮುಚ್ಚಿಯೇ ಇಡುವುದು ಶಿಕ್ಷೆ. ಶಿಕ್ಷೆ ಎಂದ ಕೂಡಲೇ ಯಾರಿಗೆ, ಯಾವ ತಪ್ಪಿಗೆ, ಎಷ್ಟು ದಿನ ಎಂಬ ಪ್ರಶ್ನೆಗಳು ಬರುತ್ತವೆ. ವಿಮಾನದೊಳಗೆ ಕುಳಿತ ವಿದ್ಯಾರ್ಥಿಯೋ, ಮಗಳ ಬಾಣಂತನಕ್ಕೆ ಹೊರಟ ತಾಯಿಯೋ ಯಾವ ತಪ್ಪು ಮಾಡಿದವರು?

ಆದೇಶ ಮುಂದುವರಿಸುವಾಗಲೆಲ್ಲ ಎರಡೂ ಸರ್ಕಾರಗಳು ಅದರ ಜತೆ ಒಂದು ಸಾಲು ಬರೆಯಲಿ: ಈ ತಿಂಗಳು ನಾವು ತಡೆಯುತ್ತಿರುವ ಅಪಾಯ ಇದು. ಬರೆಯಲಾಗದಿದ್ದರೆ ತೆರೆಯಲಿ. ನೆರೆಯವರನ್ನು ಹೀಗೆ ಕೇಳುವುದು ಸುಲಭ. ಪ್ರಜೆಯಾಗಿ ನನ್ನ ಕೆಲಸ ಮೊದಲು ನನ್ನ ಸರ್ಕಾರವನ್ನು ಕೇಳುವುದು. ಯಾಕೆಂದರೆ ಆ ಆಕಾಶವನ್ನು ಮುಚ್ಚಿರುವುದು ಕೆಳಗಿರುವ ನನ್ನ ಹೆಸರಿನಲ್ಲಿ.